ಸೂಪೆಯ ಜ್ವರಗಳೂ ಬೇರ್ಪಟ್ಟ ರಕ್ತಮಾಂಸಗಳ ವೃತ್ತಾಂತವೂ

ಸಂಸ್ಕೃತದಲ್ಲಿ ಮೈಗೆ ಹಲವು ಹೆಸರುಗಳುಂಟು. ವೃದ್ಧಿಯನ್ನು ಸೂಚಿಸುವ ಧಾತುವಿನಿಂದ ‘ದೇಹ’ ಶಬ್ದವನ್ನೂ, ಶಿಥಿಲವಾಗುವುದನ್ನು ಸೂಚಿಸುವ ಧಾತುವಿನಿಂದ ‘ಶರೀರ’ ಶಬ್ದವನ್ನೂ ವೈಯಾಕರಣರು ಸಾಧಿಸುತ್ತಾರೆ. ಕೂಡುವುದೂ ಕಳಚುವುದೂ ಒಂದೇ ವಸ್ತುವಿನ ಎರಡು ಧರ್ಮಗಳೆಂಬುದು ಈ ಹೆಸರುಗಳಿಂದಲೇ ವ್ಯಕ್ತವಾಗುವುದು. ಹಾಗೆಯೇ ಮರಣಕ್ಕೆ ‘ಪಂಚತ್ವ’ವೆಂದು ಹೆಸರು, ಒಂದಾಗಿದ್ದುದು ಐದಾಗಿ ಹೋಗುವುದೆಂದು ಅದರ ಭಾವ. ಆದರೆ ಇಡೀ ದೇಹವಲ್ಲದೆ ಅದರ ಒಂದು ಅಂಶ ಮಾತ್ರ, ಒಂದು ತೊಟ್ಟು ರಕ್ತವಾಗಲಿ ಯಕೃತ್ತಿನ ಒಂದು ಚೂರಾಗಲಿ, ಹೊರಗೆ ತೆಗೆಯಲ್ಪಟ್ಟರೆ ಅದರ ಗತಿ ಏನು? ಅದು ಆ ಕ್ಷಣದಲ್ಲಿಯೇ ಸತ್ತಿತೆನ್ನಬಹುದೆ? ಸತ್ತಿಲ್ಲವಾದರೆ ಎಷ್ಟು ಹೊತ್ತು ಬದುಕಿರುವುದು, ಆ ಹೊತ್ತಿನಲ್ಲಿ ಏನು ಮಾಡುವುದು? ಈ ಪ್ರಶ್ನೆಯು ಕೇವಲ ಪಂಡಿತರ ಕುತೂಹಲಕ್ಕೆ ವಿಷಯವಾದುದಲ್ಲ. ಕಾಡಿನ ನಡುವಣ ಹಳ್ಳಿಯಲ್ಲಿ ಜ್ವರದಿಂದ ಮಲಗಿದವನ ರೋಗವು ಯಾವುದೆಂಬುದು ಗೊತ್ತಾಗುವುದೂ ಗೊತ್ತಾಗದಿರುವುದೂ ಈ ಉತ್ತರವನ್ನೇ ಅವಲಂಬಿಸಿರುವುದೆಂಬುದನ್ನು ಸೂಪಾ ಸೀಮೆಯ ಮತ್ತು ಅದರ ನೆರೆಯ ಮಲೆನಾಡಿನ ಚರಿತ್ರೆಯು ತೋರಿಸಿಕೊಡುತ್ತದೆ.

ಉತ್ತರ ಕನ್ನಡ ಜಿಲ್ಲೆಯ ವಾಯವ್ಯ ಭಾಗದಲ್ಲಿ, ಗೋವೆಯ ಗಡಿಗೂ ಖಾನಾಪುರದ ಗಡಿಗೂ ಒತ್ತಿಕೊಂಡು, ದಟ್ಟವಾದ ಅರಣ್ಯದಿಂದ ಆವೃತವಾಗಿರುವ ಸೀಮೆಯೇ ಸೂಪಾ. ಕಾಳೀನದಿಯು ಹುಟ್ಟುವುದು ಈ ಸೀಮೆಯ ಡಿಗ್ಗಿಯ ಬಳಿಯಲ್ಲಿ. ಆ ನದಿಗೆ ಕಟ್ಟಿದ ದೊಡ್ಡ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಸೂಪಾ ಪಟ್ಟಣವು ಮುಳುಗಿಹೋಯಿತು. ಈಗ ತಾಲೂಕಿನ ಕಚೇರಿಯೂ ಹೆಸರೂ ಜೋಯಿಡಾದವು. ಕುಣಬಿಗಳು, ಗೌಳಿಗಳು, ಸಿದ್ದಿಯರು ಮುಂತಾದವರು ಚದುರಿದ ಚಿಕ್ಕ ಚಿಕ್ಕ ವಾಡೆಗಳಲ್ಲಿ ವಾಸಿಸುವ ಈ ಸೀಮೆಗೆ ಹಿಂದೆ ಒಂದು ದುಷ್ಕೀರ್ತಿ ಇದ್ದಿತು. ಅದು ಚಳಿಜ್ವರದ್ದು. ಮಳೆಗಾಲ ಮುಗಿದು ಹಳ್ಳಗಳ ನೀರು ತಿಳಿಯಾಗುವ ಹೊತ್ತಿಗೆ ಮನೆಮನೆಯಲ್ಲಿಯೂ ನಡುಕ ಹುಟ್ಟುವುದು. ಮಕ್ಕಳ ಎಡಪಕ್ಕೆಯಲ್ಲಿ ಜ್ವರಗಡ್ಡೆಯು ಬೆಳೆಯುವುದು. ನೀರು ಕೆಟ್ಟದ್ದು, ಗಾಳಿ ಕೆಟ್ಟದ್ದು ಎಂದು ಜನರು ಹೇಳುತ್ತಿದ್ದರು. ಯೂರೋಪಿನವರೂ ಬಹುಕಾಲ ಹಾಗೆಯೇ ನಂಬಿದ್ದರು. ‘ಮಲೇರಿಯ’ವೆಂಬ ಇಟಲಿಯ ಶಬ್ದಕ್ಕೆ ‘ಕೆಟ್ಟ ಗಾಳಿ’ ಎಂದೇ ಅರ್ಥ.

ಈ ನಂಬಿಕೆಯನ್ನು ತಪ್ಪಿಸಿದ್ದು ದೇಹದಿಂದ ಹೊರಗೆ ಬಂದ ಒಂದು ತೊಟ್ಟು ರಕ್ತ. ಆ ಕಥೆಯನ್ನು ತಿಳಿಯುವ ಮೊದಲು ಬೇರ್ಪಟ್ಟ ರಕ್ತಮಾಂಸಗಳ ಸ್ವಭಾವವನ್ನು ಅಷ್ಟಿಷ್ಟು ತಿಳಿಯುವುದು ಅವಶ್ಯ.

ಪ್ರಾಚೀನರಿಗೆ ಈ ಸ್ವಭಾವದ ಅರಿವು ಇರಲಿಲ್ಲವೆನ್ನುವಂತಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಶವಪರೀಕ್ಷೆಯ ವಿಧಾನವು ಹೇಳಲ್ಪಟ್ಟಿದೆ. ವಿಷದಿಂದ ಸತ್ತಿರದ, ದೀರ್ಘರೋಗದಿಂದ ಪೀಡಿತವಾಗಿರದ, ಅತಿವೃದ್ಧವಲ್ಲದ ದೇಹವನ್ನು ಆರಿಸಿ, ಕರುಳಿನ ಮಲವನ್ನು ತೆಗೆದು, ಮುಂಜ, ನಾರು, ದರ್ಭೆ ಮೊದಲಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಸ್ಥಳದಲ್ಲಿ ಕೊಳೆಯಿಸಬೇಕು. ಏಳು ರಾತ್ರಿಗಳ ಮೇಲೆ ತೆಗೆದು, ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲ್ಗೊಂಡು ಒಳಗಿನ ಅಂಗಗಳವರೆಗೆ ಒಂದೊಂದನ್ನೇ ಕಣ್ಣಿನಿಂದ ನೋಡಿ ತಿಳಿಯಬೇಕು. ಕರುಳನ್ನು ಮೊದಲೇ ಶೋಧಿಸಬೇಕೆಂಬ ಮಾತಿನಲ್ಲಿ ಎಷ್ಟು ಅನುಭವವಿದೆಯೆಂಬುದನ್ನು ವಾಚಕರು ಗಮನಿಸಬೇಕು. ಕೊಳೆಯುವಿಕೆಯು ಬಹುಮಟ್ಟಿಗೆ ಅಲ್ಲಿಂದಲೇ ಆರಂಭವಾಗುವುದು. ಸುಶ್ರುತನ ಪದ್ಧತಿಯಲ್ಲಿ ಕೊಳೆಯುವಿಕೆಯು ಶತ್ರುವಲ್ಲ, ಸೇವಕ. ಆಯುಧದಿಂದ ಬಿಡಿಸಲಾಗದ ಪದರಗಳನ್ನು ಅದು ಬಿಡಿಸಿಕೊಡುವುದು.

ಗೃಹಕೃತ್ಯದಲ್ಲಿಯೂ ಇದೇ ತತ್ತ್ವವು ದಿನವೂ ಕಾಣುವುದು. ಹೆಚ್ಚಿದ ಬದನೆಕಾಯಿಯನ್ನೂ ಬಾಳೆಕಾಯಿಯನ್ನೂ ಹಾಗೆಯೇ ಬಿಟ್ಟರೆ ಗಳಿಗೆಯೊಳಗೆ ಕಪ್ಪಾಗುತ್ತವೆ. ಗೃಹಿಣಿಯು ಅವನ್ನು ನೀರಿನಲ್ಲಿಯೋ ನೀರುಮಜ್ಜಿಗೆಯಲ್ಲಿಯೋ ಹಾಕಿಡುತ್ತಾಳೆ. ಗಿಡದ ಮೇಲಿರುವ ತನಕ ಆ ಕಾಯಿಯೊಳಗಿನ ರಸಗಳು ಬೇರೆ ಬೇರೆ ಕೋಣೆಗಳಲ್ಲಿ ಇದ್ದವು. ಕತ್ತಿಯು ಗೋಡೆಗಳನ್ನು ಒಡೆಯಿತು, ರಸಗಳು ಕಲೆತವು, ಗಾಳಿಯಲ್ಲಿನ ಆಮ್ಲಜನಕವು ಬಂದು ಸೇರಿತು, ಬಣ್ಣವು ಕೆಟ್ಟಿತು. ನೀರು ಗಾಳಿಯನ್ನು ತಡೆಯುವುದು, ಮಜ್ಜಿಗೆಯ ಹುಳಿಯು ರಸದ ಕಾರ್ಯವನ್ನು ಕುಂದಿಸುವುದು. ಮಾವಿನ ಮಿಡಿಯನ್ನು ಉಪ್ಪಿನಲ್ಲಿಡುವುದೂ, ಕಾರವಾರದ ಕಡಲತೀರದಲ್ಲಿ ಮೀನನ್ನು ಉಪ್ಪು ಸವರಿ ಒಣಗಿಸುವುದೂ ಇದೇ ಯುದ್ಧದ ಬೇರೆ ಬೇರೆ ಉಪಾಯಗಳು.

ಪ್ರಾಣಿಯ ಅಂಗದಲ್ಲಿ ನಡೆಯುವುದು ಇದಕ್ಕಿಂತ ಜಟಿಲವಾದರೂ ಕ್ರಮವು ಸ್ಪಷ್ಟವಾಗಿದೆ. ದೇಹದಿಂದ ಬೇರ್ಪಟ್ಟ ಮಾಂಸಖಂಡಕ್ಕೆ ರಕ್ತವು ನಿಂತಿತು. ರಕ್ತವು ನಿಂತುದರಿಂದ ಆಮ್ಲಜನಕವೂ ನಿಂತಿತು. ಆದರೆ ಜೀವಕೋಶಗಳಿಗೆ ಆ ಸುದ್ದಿಯು ಒಡನೆಯೇ ಮುಟ್ಟುವುದಿಲ್ಲ. ಅವು ತಮ್ಮಲ್ಲಿ ಸಂಗ್ರಹವಾಗಿರುವ ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಒಡೆದು ಕೆಲಕಾಲ ಜೀವಿಸುತ್ತವೆ. ಇದರಿಂದ ಲ್ಯಾಕ್ಟಿಕ್ ಆಮ್ಲವು ಶೇಖರವಾಗಿ, ಸ್ವಲ್ಪ ಕ್ಷಾರವಾಗಿದ್ದ ಕೋಶರಸವು ಹುಳಿಯಾಗುತ್ತ ಬರುವುದು. ಕೋಶದ ಎಲ್ಲ ಕಾರ್ಯಗಳಿಗೂ ಬಲವನ್ನೊದಗಿಸುವ ಏ.ಟಿ.ಪಿ. ಎಂಬ ದ್ರವ್ಯವು ಮುಗಿದೊಡನೆ, ಲವಣಗಳನ್ನು ಒಳಹೊರಗೆ ಅಳೆದು ಇಡುತ್ತಿದ್ದ ಪೊರೆಯು ಸೋಲುವುದು. ಆಗ ಸೋಡಿಯಮ್ಮೂ ನೀರೂ ಒಳಗೆ ನುಗ್ಗುತ್ತವೆ, ಪೊಟ್ಯಾಸಿಯಮ್ ಹೊರಗೆ ಸೋರುತ್ತದೆ, ಕೋಶವು ಊದಿಕೊಳ್ಳುತ್ತದೆ. ಕೋಶದೊಳಗೆ ಚೀಲಗಳಲ್ಲಿ ಕಟ್ಟಿಟ್ಟಿದ್ದ ಪಾಚಕ ಕಿಣ್ವಗಳು ಚೀಲ ಹರಿದು ಹೊರಬೀಳುತ್ತವೆ. ಈ ಕಿಣ್ವಗಳು ಹುಳಿಯಲ್ಲಿಯೇ ಚೆನ್ನಾಗಿ ಕೆಲಸಮಾಡತಕ್ಕವು. ಹುಳಿಯೋ ಆಗಲೇ ಸಿದ್ಧವಾಗಿದೆ. ಅನ್ನವನ್ನು ಪಚನಮಾಡುತ್ತಿದ್ದ ಅಗ್ನಿಯು ತಾನಿದ್ದ ಮನೆಯನ್ನೇ ಸುಡುವಂತೆ, ಕೋಶವು ತನ್ನನ್ನು ತಾನೇ ಜೀರ್ಣಿಸಿಕೊಳ್ಳುವುದು. ಇದೇ ಸ್ವಯಂಜೀರ್ಣ. ಮೇದೋಜೀರಕ ಗ್ರಂಥಿಯೂ ಜಠರದ ಮತ್ತು ಕರುಳಿನ ಒಳಪೊರೆಯೂ ಮೊದಲು, ಯಕೃತ್ತು ಮೆದುಳುಗಳು ಬಳಿಕ, ಸ್ನಾಯುಗಳು ಇನ್ನೂ ತಡವಾಗಿ ಹೀಗೆ ಕರಗುತ್ತವೆ. ಮೂಳೆ ಹಲ್ಲುಗಳು ಬಹುಕಾಲ ನಿಲ್ಲುತ್ತವೆ.

ಸ್ವಯಂಜೀರ್ಣದ ಬೆನ್ನಿಗೆ ಕೊಳೆಯುವಿಕೆಯು ಬರುವುದು. ಇದು ಕೋಶದ ಕೆಲಸವಲ್ಲ, ಬ್ಯಾಕ್ಟೀರಿಯಗಳ ಕೆಲಸ. ಪ್ರೋಟೀನುಗಳು ಒಡೆದು ಹುಟ್ಟಿದ ಅಮೈನೊ ಆಮ್ಲಗಳಿಂದ ಅವು ಅಮೋನಿಯವನ್ನೂ, ಗಂಧಕದ ದುರ್ವಾಯುವನ್ನೂ, 1885ರಲ್ಲಿ ಬರ್ಲಿನ್ನಿನ ಬ್ರೀಗರ್ ಎಂಬ ಪಂಡಿತನು ಗುರುತಿಸಿದ ಪ್ಯೂಟ್ರೆಸಿನ್, ಕೆಡಾವರಿನ್ ಎಂಬ ದುರ್ಗಂಧದ್ರವ್ಯಗಳನ್ನೂ ಉಂಟುಮಾಡುತ್ತವೆ. ಉಷ್ಣತೆಯು ಹತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಇಂತಹ ಕ್ರಿಯೆಗಳ ವೇಗವು ಸಾಮಾನ್ಯವಾಗಿ ಇಮ್ಮಡಿ ಮುಮ್ಮಡಿಯಾಗುವುದರಿಂದ, ಶೀತದೇಶದ ಪರೀಕ್ಷಾಲಯದಲ್ಲಿ ಒಂದು ದಿನ ತಡೆಯುವ ಚೂರು ಚೈತ್ರ ವೈಶಾಖಗಳ ಬೇಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುವುದು ಆಶ್ಚರ್ಯವಲ್ಲ.

ಈ ಪರಿಣಾಮಗಳನ್ನು ‘ಕೆಡುವುದು’ ಎಂದು ಮಾತ್ರ ಕರೆದು ಪಕ್ಕಕ್ಕೆ ತಳ್ಳಿದ್ದರೆ ವೈದ್ಯಶಾಸ್ತ್ರವು ಎಷ್ಟೋ ಸತ್ಯಗಳನ್ನು ಕಳೆದುಕೊಳ್ಳುತ್ತಿತ್ತು. ಫ್ರಾನ್ಸಿನ ಕ್ಲೋದ್ ಬೆರ್ನಾರನು ಯಕೃತ್ತಿನಲ್ಲಿರುವ ಸಕ್ಕರೆಯನ್ನು ಅಳೆಯುವಾಗ ಪ್ರತಿಯೊಂದು ಅಳತೆಯನ್ನೂ ಎರಡು ಬಾರಿ ಮಾಡುತ್ತಿದ್ದನು. ಒಮ್ಮೆ ವೇಳೆ ಸಾಲದೆ ಎರಡನೆಯ ಅಳತೆಯನ್ನು ಮರುದಿನಕ್ಕೆ ಇಟ್ಟನು. ಮರುದಿನ ಅದೇ ಯಕೃತ್ತಿನಲ್ಲಿ ಸಕ್ಕರೆಯು ಹೆಚ್ಚಾಗಿದ್ದಿತು. ಅನ್ಯನಾಗಿದ್ದರೆ ಅಳತೆ ತಪ್ಪಿತೆಂದು ಬಿಡುತ್ತಿದ್ದನು. ಬೆರ್ನಾರನು 1855ರಲ್ಲಿ, ದೇಹದಿಂದ ತೆಗೆದ ಯಕೃತ್ತಿನ ನಾಳಗಳೊಳಗೆ ನೀರನ್ನು ಹಾಯಿಸಿ ಸಕ್ಕರೆಯೆಲ್ಲ ಹೋಗುವ ತನಕ ತೊಳೆದು ಇಟ್ಟು ನೋಡಿದನು. ಬೆಳಗಾಗುವುದರೊಳಗೆ ಮತ್ತೆ ಸಕ್ಕರೆಯು ಹುಟ್ಟಿದ್ದಿತು. ಬೇರ್ಪಟ್ಟ ಯಕೃತ್ತು ತನ್ನೊಳಗಿನ ಯಾವುದೋ ಭಂಡಾರದಿಂದ ಸಕ್ಕರೆಯನ್ನು ಮಾಡುತ್ತಲೇ ಇದೆಯೆಂದು ಅವನು ಊಹಿಸಿ, 1857ರಲ್ಲಿ ಆ ಭಂಡಾರದ್ರವ್ಯವನ್ನು ಬೇರ್ಪಡಿಸಿ ‘ಗ್ಲೈಕೋಜನ್’ ಎಂದು ಹೆಸರಿಟ್ಟನು.

1890ರಲ್ಲಿ ಸಾಲ್ಕೋವ್‌ಸ್ಕಿ ಎಂಬ ಪಂಡಿತನು ಅಂಗದ ಚೂರುಗಳನ್ನು ಕ್ಲೋರೋಫಾರಮ್ ಬೆರಸಿದ ನೀರಿನಲ್ಲಿಟ್ಟನು. ಅದರಲ್ಲಿ ಬ್ಯಾಕ್ಟೀರಿಯಗಳು ಬೆಳೆಯಲಾರವು. ಆದರೂ ಚೂರುಗಳು ಕರಗಿದವು. ಇದರಿಂದ ಸ್ವಯಂಜೀರ್ಣವು ಬೇರೆ, ಕೊಳೆಯುವಿಕೆಯು ಬೇರೆ ಎಂಬುದು ಸಿದ್ಧವಾಯಿತು. ಇನ್ನೊಂದು ಸಂಗತಿಯು 1949ರಲ್ಲಿ ಬೆಲ್ಜಿಯಮ್ ದೇಶದ ಲೂವೆನ್ನಿನಲ್ಲಿ ನಡೆಯಿತು. ಕ್ರಿಶ್ಚಿಯನ್ ದ ದ್ಯೂವ್ ಎಂಬವನೂ ಅವನ ಸಂಗಡಿಗರೂ ಇಲಿಯ ಯಕೃತ್ತನ್ನು ಅರೆದು ಒಂದು ಕಿಣ್ವವನ್ನು ಅಳೆದರು. ಅದರ ಪ್ರಮಾಣವು ನಿರೀಕ್ಷಿಸಿದುದಕ್ಕಿಂತ ಬಹಳ ಕಡಿಮೆಯಾಗಿ ಬಂದಿತು. ಅದೇ ದ್ರವವನ್ನು ಐದು ದಿನ ಶೀತಪೆಟ್ಟಿಗೆಯಲ್ಲಿಟ್ಟು ಮತ್ತೆ ಅಳೆದಾಗ ಕಿಣ್ವವು ಹೆಚ್ಚಾಗಿ ಕಂಡಿತು. ಇಟ್ಟ ವಸ್ತುವು ಬೆಳೆದುದು ಹೇಗೆ? ಅದು ಬೆಳೆದಿರಲಿಲ್ಲ, ಪೊರೆಯ ಚೀಲಗಳೊಳಗೆ ಅಡಗಿದ್ದುದು, ದಿನ ಕಳೆದಂತೆ ಪೊರೆಯು ಹರಿದುದರಿಂದ ಹೊರಬಂದಿತ್ತು. ಆ ಚೀಲಗಳಿಗೆ 1955ರಲ್ಲಿ ‘ಲೈಸೋಸೋಮ್’ ಎಂಬ ಹೆಸರು ಬಂದಿತು. 1974ರಲ್ಲಿ ದ ದ್ಯೂವನು ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರನಾದನು. ಸ್ವಯಂಜೀರ್ಣದ ಕಿಣ್ವಗಳ ಮನೆಯು ಹೀಗೆ, ಕಾದಿಟ್ಟ ಮಾಂಸದ ಪರಿಣಾಮದಿಂದಲೇ ಪತ್ತೆಯಾಯಿತು.

ಈಗ ಚಳಿಜ್ವರದ ಕಥೆಗೆ ಬರಬಹುದು. ಮಲೇರಿಯದಿಂದ ಸತ್ತವರ ಪ್ಲೀಹದಲ್ಲಿ ಕಪ್ಪು ಬಣ್ಣದ ಕಣಗಳಿರುವುದನ್ನು 1847ರಲ್ಲಿಯೇ ಜರ್ಮನಿಯ ಮೆಕೆಲ್ ಎಂಬ ವೈದ್ಯನು ಕಂಡಿದ್ದನು. ರಕ್ತದ ಕೆಂಪುದ್ರವ್ಯವನ್ನು ರೋಗಾಣುವು ಜೀರ್ಣಿಸಿ ಬಿಟ್ಟ ಶೇಷವೇ ಆ ಕಪ್ಪು. ಶೇಷವು ಶವದಲ್ಲಿ ಉಳಿಯಿತು. ರೋಗಾಣುವು ಮಾತ್ರ ಗುರುತಾಗಲಿಲ್ಲ. 1880ರ ನವಂಬರ 6ನೆಯ ತಾರೀಖಿನಂದು ಆಲ್ಜೀರಿಯದ ಕಾನ್‌ಸ್ಟಾಂಟೀನ್ ನಗರದಲ್ಲಿ ಲ್ಯಾವೆರಾನ್ ಎಂಬ ಫ್ರೆಂಚ್ ಸೈನ್ಯವೈದ್ಯನು ಜ್ವರಪೀಡಿತನಾದ ಒಬ್ಬ ಸಿಪಾಯಿಯ ಹಸಿರಕ್ತವನ್ನು, ಬಣ್ಣ ಹಾಕದೆ ಒಣಗಿಸದೆ, ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡುತ್ತಿದ್ದನು. ಕಪ್ಪು ಕಣಗಳುಳ್ಳ ಒಂದು ದುಂಡಾದ ವಸ್ತುವಿನಿಂದ ದಾರದಂತಹ ಎಳೆಗಳು ಹೊರಟು ಚಾವಟಿಯಂತೆ ಬಡಿದಾಡತೊಡಗಿದವು. ಜೀವವಿಲ್ಲದುದು ಹಾಗೆ ಚಲಿಸಲಾರದು. ಮಲೇರಿಯದ ರೋಗಾಣುವು ಆ ದಿನ ಪ್ರತ್ಯಕ್ಷವಾಯಿತು.

ಆದರೆ ವಾದವು ಅಲ್ಲಿಂದ ಮೊದಲಾಯಿತು. ಆ ಎಳೆಗಳು ರಕ್ತವನ್ನು ತೆಗೆದ ಕೂಡಲೆ ಕಾಣುತ್ತಿರಲಿಲ್ಲ. ಹತ್ತಿಪ್ಪತ್ತು ನಿಮಿಷಗಳ ಮೇಲೆ ಕಾಣುತ್ತಿದ್ದವು. ಇಟಲಿಯ ಗ್ರಾಸ್ಸಿ ಮೊದಲಾದವರು, ಇದು ದೇಹದ ಹೊರಗೆ ತಣ್ಣಗಾದ ರಕ್ತದಲ್ಲಿ ಸಾಯುತ್ತಿರುವ ರೋಗಾಣುವಿನ ಒದ್ದಾಟವೇ ಹೊರತು ಬೇರೆಯಲ್ಲವೆಂದರು. ಲಂಡನ್ನಿನ ಮ್ಯಾನ್ಸನ್ ಎಂಬ ವೈದ್ಯನು 1894ರಲ್ಲಿ ಇದಕ್ಕೆ ವಿಪರೀತವಾಗಿ ತರ್ಕಿಸಿದನು. ಎಳೆಗಳು ರಕ್ತವು ಹೊರಬಂದ ಮೇಲೆಯೇ ಕಾಣುವುದಾದರೆ, ದೇಹದ ಹೊರಗೆ ಬದುಕುವುದಕ್ಕೆ ರೋಗಾಣುವು ಮಾಡಿಕೊಳ್ಳುವ ಸಿದ್ಧತೆಯೇ ಅದಾಗಿರಬೇಕು; ರಕ್ತವನ್ನು ಹೊರಗೆ ಒಯ್ಯುವ ಪ್ರಾಣಿ ಸೊಳ್ಳೆ; ಆದ್ದರಿಂದ ಸೊಳ್ಳೆಯ ಹೊಟ್ಟೆಯಲ್ಲಿ ಹುಡುಕಬೇಕು. ಒಂದೇ ಪರಿಣಾಮವನ್ನು ನೋಡಿ ಒಬ್ಬರು ಮರಣವೆಂದರು, ಇನ್ನೊಬ್ಬನು ಜನನವೆಂದನು. ಮ್ಯಾನ್ಸನ್ನನ ತರ್ಕದಲ್ಲಿಯೂ ದೋಷವಿದ್ದಿತು; ಎಳೆಗಳನ್ನು ಅವನು ಬೀಜಾಣುಗಳೆಂದು ತಿಳಿದಿದ್ದನು. 1897ರಲ್ಲಿ ಮ್ಯಾಕ್‌ಕಲಮ್ ಎಂಬ ಯುವಕನು ಪಕ್ಷಿಗಳ ರಕ್ತದಲ್ಲಿ ಅದೇ ಬಗೆಯ ಎಳೆಯೊಂದು ಬೇರೊಂದು ಕೋಶದೊಳಗೆ ಪ್ರವೇಶಿಸುವುದನ್ನು ಕಂಡು, ಅವು ಪುರುಷಕೋಶಗಳೆಂದು ನಿರ್ಧರಿಸಿದನು. ಆದರೂ ಮ್ಯಾನ್ಸನ್ನನ ದಿಕ್ಕು ಸರಿಯಾಗಿದ್ದಿತು. ಅವನ ಮಾತನ್ನು ಹಿಡಿದು ಹಿಂದೂಸ್ಥಾನಕ್ಕೆ ಬಂದ ರೊನಾಲ್ಡ್ ರಾಸನು, 1895ರಲ್ಲಿ ಬೆಂಗಳೂರಿನಲ್ಲಿ ವಾಂತಿಭೇದಿಯ ನಿವಾರಣೆಗೆ ನಿಯುಕ್ತನಾದಾಗಲೂ ತನ್ನ ಅನ್ವೇಷಣೆಯನ್ನು ಬಿಡದೆ, 1897ರ ಆಗಸ್ಟ 20ನೆಯ ತಾರೀಖಿನಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ರೋಗಾಣುವಿನ ಕೋಶಗಳನ್ನು ಕಂಡನು.

ಆ ಹತ್ತಿಪ್ಪತ್ತು ನಿಮಿಷಗಳಲ್ಲಿ ನಡೆಯುವುದೇನೆಂಬುದು ಈಗ ತಿಳಿದಿದೆ. ಹೊರಗೆ ಬಂದ ರಕ್ತವು ಕೆಲವು ಡಿಗ್ರಿ ತಣ್ಣಗಾಗುವುದು. ಅದರಲ್ಲಿ ಕರಗಿದ್ದ ಇಂಗಾಲಾಮ್ಲವಾಯುವು ಹಾರಿಹೋಗಿ ರಕ್ತವು ಹೆಚ್ಚು ಕ್ಷಾರವಾಗುವುದು. ಈ ಎರಡು ಬದಲಾವಣೆಗಳನ್ನೇ ರೋಗಾಣುವು ‘ಮನುಷ್ಯನನ್ನು ಬಿಟ್ಟೆನು’ ಎಂಬ ಸಂಕೇತವಾಗಿ ತಿಳಿಯುವುದು. ಸೊಳ್ಳೆಯ ದೇಹದಲ್ಲಿ ಇವುಗಳಿಗೆ ಸಹಾಯಕವಾಗುವ ದ್ರವ್ಯವು ಕ್ಸಾಂಥುರೆನಿಕ್ ಆಮ್ಲವೆಂಬುದು 1998ರಲ್ಲಿ ಗೊತ್ತಾಯಿತು. ಬೇರ್ಪಟ್ಟ ರಕ್ತದ ರಾಸಾಯನಿಕ ಪರಿಣಾಮವನ್ನು ಪಂಡಿತರು ಗಮನಿಸುವುದಕ್ಕೆ ಯುಗಯುಗಗಳ ಮೊದಲೇ ಆ ಸೂಕ್ಷ್ಮಜೀವಿಯು ಗಮನಿಸಿದ್ದಿತು.

ರೋಗಾಣುವೂ ಅದನ್ನು ಒಯ್ಯುವ ಸೊಳ್ಳೆಯೂ ಗೊತ್ತಾದ ಮೇಲೆ ಸೂಪೆಯಂತಹ ಸೀಮೆಗಳ ಜ್ವರವನ್ನು ಅಳೆಯುವ ಉಪಾಯವೂ ದೊರೆಯಿತು. ಮಕ್ಕಳ ಜ್ವರಗಡ್ಡೆಯನ್ನು ಕೈಯಿಂದ ಒತ್ತಿ ನೋಡುವುದು ಒಂದು. ಬೆರಳನ್ನು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರುವುದು ಇನ್ನೊಂದು. ಈ ಎರಡನೆಯದರಲ್ಲಿ ಕಾಲವೇ ಪ್ರತಿವಾದಿ. ತೆಳ್ಳಗೆ ಸವರಿದ ರಕ್ತವನ್ನು ಒಣಗಿದೊಡನೆ ಮೆಥಿಲ್ ಮದ್ಯಸಾರದಲ್ಲಿ ಅದ್ದಿದರೆ ಪ್ರೋಟೀನುಗಳು ಗಟ್ಟಿಯಾಗಿ ರೂಪವು ಸ್ಥಿರವಾಗುವುದು. ಬಳಿಕ ಗೀಮ್ಸಾ ಎಂಬವನು 1904ರಲ್ಲಿ ಸಿದ್ಧಪಡಿಸಿದ ವರ್ಣದಿಂದ ರೋಗಾಣುವು ನೀಲಿ ಕೆಂಪುಗಳಲ್ಲಿ ಎದ್ದು ಕಾಣುವುದು. ದಪ್ಪವಾಗಿ ಹಾಕಿದ ತೊಟ್ಟನ್ನಾದರೋ ಮದ್ಯಸಾರದಲ್ಲಿ ಅದ್ದಬಾರದು. ಅದರ ಕೆಂಪುದ್ರವ್ಯವು ನೀರಿನಲ್ಲಿ ಕರಗಿಹೋಗಿ ರೋಗಾಣು ಮಾತ್ರ ಉಳಿಯಬೇಕು. ಬೇಸಗೆಯ ತಾಪಕ್ಕೆ ಆ ತೊಟ್ಟು ತಾನಾಗಿಯೇ ಗಟ್ಟಿಯಾಗಿಬಿಟ್ಟರೆ ಕೆಂಪು ಬಿಡದು. ಮಳೆಗಾಲದ ತೇವಕ್ಕೆ ಕೋಶಗಳು ಒಡೆಯುತ್ತವೆ. ಎಚ್ಚರ ತಪ್ಪಿದರೆ ನೊಣ ಇರುವೆಗಳು ಪಟ್ಟಿಯನ್ನು ನೆಕ್ಕಿ ಬರಿದುಮಾಡುತ್ತವೆ. ಸೀಸೆಯಲ್ಲಿ ಹೆಚ್ಚು ಹೊತ್ತು ಇಟ್ಟ ರಕ್ತದಲ್ಲಿ ಲ್ಯಾವೆರಾನನು ಕಂಡ ಎಳೆಗಳೇ ಹೊರಟು, ಬೇರೊಂದು ಜ್ವರದ ಸುರುಳಿಯಾಕಾರದ ಅಣುಗಳೆಂಬ ಭ್ರಾಂತಿಯನ್ನು ಹುಟ್ಟಿಸುವುದೂ ಉಂಟು.

ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ಕೆನರಾ ಜಿಲ್ಲೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಗಳ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ನಡೆಯಿತು. ಗ್ರಾಮಾಂತರ ಮಲೇರಿಯವನ್ನು ಈ ವಿಧದಿಂದ ಅಡಗಿಸಲು ದೇಶದಲ್ಲಿ ನಡೆದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದು ಒಂದು. ಮಲೆನಾಡಿನ ತಿಳಿನೀರಿನ ಹಳ್ಳಗಳಲ್ಲಿ ಹುಟ್ಟುವ ಅನಾಫೆಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯು ಇಲ್ಲಿಯ ಮುಖ್ಯ ಅಪರಾಧಿ. ಈ ಕಾರ್ಯದಲ್ಲಿ ವಿಶ್ವನಾಥನ್ ಅವರಿಗೆ ಕೀಟಶಾಸ್ತ್ರಜ್ಞರಾಗಿ ಸಹಕರಿಸಿದವರು ಟಿ. ರಾಮಚಂದ್ರರಾಯರು. ಇಲ್ಲಿಯ ಅನುಭವವು 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಯೋಜನೆಗೆ ದಾರಿಯನ್ನು ತೋರಿಸಿತು. ಕಾಡಿನ ಮನೆಗಳಲ್ಲಿ ಶತಮಾನಗಳಿಂದ ನೆಲಸಿದ್ದ ನಡುಕವು ತಗ್ಗಿತು.

ಒಂದು ಜ್ವರವು ಹಿಂದೆ ಸರಿದ ಕೆಲವೇ ವರ್ಷಗಳಲ್ಲಿ ಮಲೆನಾಡು ಇನ್ನೊಂದು ಜ್ವರವನ್ನು ಕಂಡಿತು. 1957ರ ಮಾರ್ಚಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತು ಬೀಳುತ್ತಿರುವ ಸುದ್ದಿಯು ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಮುಟ್ಟಿತು. ಕಟ್ಟಿಗೆಗೂ ಸೊಪ್ಪಿಗೂ ಕಾಡಿಗೆ ಹೋದ ಜನರಿಗೂ ತೀವ್ರವಾದ ಜ್ವರ ಬರುತ್ತಿದ್ದಿತು, ಕೆಲವರು ತೀರಿಕೊಂಡರು. 1952ರಲ್ಲಿ ಸ್ಥಾಪಿತವಾದ ಆ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮೊದಲಾದ ಪಂಡಿತರಿಗೆ ಮೊದಲು ಬಂದ ಭಯವು ಪೀತಜ್ವರದ್ದು. ದಕ್ಷಿಣ ಅಮೇರಿಕೆಯ ಅರಣ್ಯಗಳಲ್ಲಿ ಪೀತಜ್ವರವು ಮೊದಲು ಮಂಗಗಳನ್ನು ಕೊಲ್ಲುವುದು. ಆ ವ್ಯಾಧಿಯು ಹಿಂದೂಸ್ಥಾನಕ್ಕೆ ಕಾಲಿಟ್ಟಿದ್ದರೆ ಅನರ್ಥಕ್ಕೆ ಮಿತಿಯಿರುತ್ತಿರಲಿಲ್ಲ. ಹೌದೋ ಅಲ್ಲವೋ ಎಂಬುದನ್ನು ರಕ್ತಮಾಂಸಗಳೇ ಹೇಳಬೇಕಾಗಿದ್ದಿತು.

ಇಲ್ಲಿ ಬೇರ್ಪಟ್ಟ ಅಂಗದ ಪರಿಣಾಮವು ಗುರುವಾಗುವುದನ್ನು ಬಿಟ್ಟು ಕಳ್ಳನಾಗುವುದು. ಕಾಡಿನಲ್ಲಿ ಸತ್ತ ಮಂಗನು ಮನುಷ್ಯನ ಕಣ್ಣಿಗೆ ಬೀಳುವಷ್ಟರಲ್ಲಿ ಯಕೃತ್ತು ಮೆದುಳುಗಳು ಕರಗತೊಡಗಿರುತ್ತವೆ. ಕಿಣ್ವಗಳು ಜೀವಕೋಶವನ್ನು ತಿನ್ನುವಾಗ ಅದರೊಳಗಿನ ವೈರಸ್ಸನ್ನು ಬಿಡುವುದಿಲ್ಲ. ತಾಪವೂ ಅದರ ಮೇಲ್ಪೊರೆಯನ್ನು ಕೆಡಿಸುವುದು. ಆದ್ದರಿಂದ ಸಾಯುತ್ತಿರುವ ಅಥವಾ ಆಗತಾನೆ ಸತ್ತ ಪ್ರಾಣಿಯೇ ಬೇಕು. ಚೂರನ್ನು ತೆಗೆದೊಡನೆ ಹಿಮದಲ್ಲಿಡಬೇಕು. ಕಾಡಿನಿಂದ ಪುಣೆಯವರೆಗೆ ಆ ಶೀತವು ಎಲ್ಲಿಯೂ ಮುರಿಯಬಾರದು. ಕ್ಯಾಸನೂರಿನ ಸೀಮೆಯಲ್ಲಿ ವ್ಯಾಧಿಗ್ರಸ್ತವಾದ ಒಂದು ಕರಿಮುಸುಡಿನ ಮುಸುವದಿಂದ ವೈರಸ್ಸು ಮೊದಲು ದೊರೆಯಿತು. ಅಂಗದ ಚೂರುಗಳನ್ನು ಅರೆದು ಎಳೆಯ ಇಲಿಮರಿಗಳಿಗೆ ಚುಚ್ಚಿ ರೋಗವು ಮರುಕಳಿಸುವುದನ್ನು ನೋಡುವುದು ಆಗಿನ ಕ್ರಮ. ಪರೀಕ್ಷೆಯಿಂದ ಪೀತಜ್ವರವಲ್ಲವೆಂದು ತಿಳಿಯಿತು. ರಷ್ಯ ದೇಶದ ಅರಣ್ಯಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾದ ಹೊಸ ವೈರಸ್ಸು ಇದೆಂದು ಗೊತ್ತಾಯಿತು. ಅದನ್ನು ಒಯ್ಯುವ ಮುಖ್ಯ ಜೀವಿಯು ಹೀಮಫೈಸಾಲಿಸ್ ಸ್ಪೈನಿಜೆರ ಎಂಬ ಉಣ್ಣೆ. ಮಲೆನಾಡಿನ ಮಾತಿನಲ್ಲಿ ಉಣುಗು. ಜನರು ರೋಗವನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಶಾಸ್ತ್ರದಲ್ಲಿ ಕ್ಯಾಸನೂರಿನ ಹೆಸರು ಸ್ಥಿರವಾಯಿತು. ಸಾಗರದಲ್ಲಿ ಪುಣೆಯ ಕೇಂದ್ರದ ಶಾಖೆಯೊಂದು ತೆರೆಯಿತು. ಮುಂದೆ ಆ ಕೇಂದ್ರದ ನಿರ್ದೇಶಕರಾಗಿ ಈ ಸಂಶೋಧನೆಯನ್ನು ನಡೆಯಿಸಿದವರು, ಕೆನರಾದ ಚಳಿಜ್ವರದೊಡನೆ ಹೋರಾಡಿದ್ದ ಅದೇ ರಾಮಚಂದ್ರರಾಯರು.

ಈ ಶೋಧನೆಯಲ್ಲಿ ಒಂದು ಸೂಕ್ಷ್ಮವಿದೆ. ರೋಗದಿಂದ ಅಂಗದ ರಚನೆಯು ಹೇಗೆ ಕೆಟ್ಟಿದೆಯೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಚೂರನ್ನು ಫಾರ್ಮಲಿನ್ನಿನಲ್ಲಿಡಬೇಕು. 1893ರಲ್ಲಿ ಫ್ರಾಂಕ್‌ಫರ್ಟಿನ ಬ್ಲೂಮ್ ಎಂಬ ವೈದ್ಯನು ಆ ದ್ರವದ ಕ್ರಿಮಿನಾಶಕ ಗುಣವನ್ನು ಪರೀಕ್ಷಿಸುತ್ತಿರುವಾಗ, ತನ್ನ ಬ���ರಳುಗಳ ಚರ್ಮವೇ ಗಟ್ಟಿಯಾದುದನ್ನು ಕಂಡು ಅದರ ಸ್ಥಿರೀಕರಣ ಶಕ್ತಿಯನ್ನು ಅರಿತನು. ಫಾರ್ಮಲಿನ್ನು ಪ್ರೋಟೀನುಗಳ ನಡುವೆ ಸೇತುವೆಗಳನ್ನು ಕಟ್ಟಿ, ಕಿಣ್ವಗಳನ್ನು ಇದ್ದಲ್ಲಿಯೇ ಬಂಧಿಸಿ, ಸ್ವಯಂಜೀರ್ಣವನ್ನೂ ಕೊಳೆಯುವಿಕೆಯನ್ನೂ ನಿಲ್ಲಿಸುವುದು. ಆದರೆ ಅದು ವೈರಸ್ಸನ್ನೂ ಕೊಲ್ಲುವುದು. ಹಿಮವಾದರೋ ವೈರಸ್ಸನ್ನು ಉಳಿಸುವುದು. ಆದರೆ ಮೆಲ್ಲನೆ ಹೆಪ್ಪುಗಟ್ಟಿಸಿದರೆ ನೀರಿನ ಹರಳುಗಳು ಕೋಶಗಳನ್ನು ಸೀಳಿ ರಚನೆಯನ್ನು ಕೆಡಿಸುವುದು. ರೂಪವನ್ನು ಕಾಯುವ ಉಪಾಯವು ಜೀವವನ್ನು ಕಳೆಯುವುದು; ಜೀವವನ್ನು ಕಾಯುವ ಉಪಾಯವು ರೂಪವನ್ನು ಕಳೆಯುವುದು. ಆದ್ದರಿಂದ ಒಂದೇ ಅಂಗದ ಚೂರುಗಳನ್ನು ಎರಡು ಸೀಸೆಗಳಲ್ಲಿ ಇಡುವುದು ಸಂಪ್ರದಾಯವಾಯಿತು. ಕಾಡಿನಲ್ಲಿ ಸೀಸೆಗಳನ್ನು ಅದಲುಬದಲು ಮಾಡಿದವನು ಎರಡನ್ನೂ ಕಳೆದುಕೊಂಡಂತೆಯೇ. ಆ ಫಾರ್ಮಲಿನ್ನಿನ ಕೊಲ್ಲುವ ಗುಣವೇ ಬೇರೊಂದು ಕಡೆ ಉಪಕಾರಕ್ಕೂ ಬಂದಿತು. ಅದರಿಂದ ಕೊಂದ ವೈರಸ್ಸೇ ಮಂಗನ ಕಾಯಿಲೆಯ ಲಸಿಕೆಯಾಗಿ ಉತ್ತರ ಕನ್ನಡವೂ ಸೇರಿದಂತೆ ಮಲೆನಾಡಿನ ಜಿಲ್ಲೆಗಳಲ್ಲಿ ಹಲವು ವರ್ಷ ಕೊಡಲ್ಪಟ್ಟಿತು. ಕಾಲಕ್ರಮದಲ್ಲಿ ಅದರ ರಕ್ಷಣೆಯು ಸಾಲದೆಂದು ಕಂಡುಬಂದುದರಿಂದ ಇತ್ತೀಚಿನ ವರ್ಷಗಳಲ್ಲಿ ಆ ಲಸಿಕೆಯ ಬಳಕೆಯು ನಿಂತಿತು.

ಸತ್ತ ದೇಹದ ಇನ್ನೊಂದು ಪರಿಣಾಮವನ್ನೂ ಇಲ್ಲಿ ಹೇಳತಕ್ಕದ್ದು. ಮಂಗನ ಮೈ ತಣ್ಣಗಾಗುತ್ತಿರುವಂತೆಯೇ ಉಣ್ಣೆಗಳು ಅದನ್ನು ಬಿಟ್ಟು ನೆಲಕ್ಕಿಳಿದು ಬೇರೆ ಬಿಸಿರಕ್ತವನ್ನು ಅರಸುತ್ತವೆ. ಆದ್ದರಿಂದಲೇ ಮಂಗನು ಸತ್ತು ಬಿದ್ದ ಸ್ಥಳದ ಸುತ್ತಲೂ ಐವತ್ತು ಅಡಿಗಳವರೆಗೆ ಕೀಟನಾಶಕವನ್ನು ಹಾಕುವ ಪದ್ಧತಿ ಬಂದಿತು. ಅನುಕಂಪದಿಂದಲಾಗಲಿ ಕುತೂಹಲದಿಂದಲಾಗಲಿ ಆ ಕಳೇಬರದ ಬಳಿಗೆ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸುವುದೇ ಕ್ಷೇಮ. ವೈರಸ್ಸನ್ನು ಪರೀಕ್ಷಿಸುವವರಿಗೂ ಪರೀಕ್ಷಾಲಯದೊಳಗೆಯೇ ರೋಗವು ತಗುಲಿದ ಸಂದರ್ಭಗಳಿವೆ. ಆ ಜ್ಞಾನವು ಸುಲಭವಾಗಿ ಬಂದುದಲ್ಲ.

ಮೊದಲು ಶಿವಮೊಗ್ಗದ ಕೆಲವು ತಾಲೂಕುಗಳಲ್ಲಿದ್ದ ಮಂಗನ ಕಾಯಿಲೆಯು ಬಳಿಕ ಉತ್ತರ ಕನ್ನಡದ ದಕ್ಷಿಣದ ತಾಲೂಕುಗಳಿಗೆ ಹಬ್ಬಿತು. 2013ರಲ್ಲಿ ಕೇರಳದ ವಯನಾಡಿನಲ್ಲಿಯೂ, 2015ರಲ್ಲಿ ಗೋವೆಯ ಸತ್ತರಿಯಲ್ಲಿಯೂ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಾಣಿಸಿಕೊಂಡಿತು. ಭೂಪಟವನ್ನು ನೋಡಿದರೆ ದಕ್ಷಿಣದ ಹಳೆಯ ನೆಲೆಗೂ ಉತ್ತರದ ಹೊಸ ನೆಲೆಗೂ ನಡುವೆ ಸೂಪಾ ಸೀಮೆಯ ಕಾಡುಗಳು ಹಬ್ಬಿರುವುದು ತಿಳಿಯುವುದು. ಈ ಸೀಮೆಯ ಒಳವಾಡೆಯೊಂದರಲ್ಲಿ ಯಾರಿಗಾದರೂ ಜ್ವರ ಬಂದರೆ ಅದು ಚಳಿಜ್ವರವೋ ಮಂಗನ ಕಾಯಿಲೆಯೋ ಬೇರೆಯೋ ಎಂಬುದನ್ನು ಹೇಳತಕ್ಕದ್ದು ತೋಳಿನಿಂದ ತೆಗೆದ ಎರಡು ಚಮಚೆ ರಕ್ತ. 2012ರಲ್ಲಿ ಪುಣೆಯವರು ಪ್ರಕಟಿಸಿದ ಹೊಸ ಪರೀಕ್ಷೆಯು ವೈರಸ್ಸಿನ ಆರ್.ಎನ್.ಎ. ಎಂಬ ಎಳೆಯನ್ನೇ ಗುರುತಿಸುವುದು. ಇಲಿಮರಿಗಳಿಗಾಗಿ ದಿನಗಟ್ಟಲೆ ಕಾಯಬೇಕಾಗಿಲ್ಲ. ಆದರೆ ರಕ್ತದಲ್ಲಿಯೂ ಅಂಗಗಳಲ್ಲಿಯೂ ಆ ಎಳೆಯನ್ನು ಕತ್ತರಿಸುವ ಕಿಣ್ವಗಳು ಎಲ್ಲೆಲ್ಲಿಯೂ ಇವೆ. ರಕ್ತವನ್ನು ಎರಡರಿಂದ ಎಂಟು ಡಿಗ್ರಿಗಳ ಶೀತದಲ್ಲಿಟ್ಟು ತಡವಿಲ್ಲದೆ ಶಿವಮೊಗ್ಗದಂತಹ ಪರೀಕ್ಷಾಲಯಕ್ಕೆ ಮುಟ್ಟಿಸದಿದ್ದರೆ, ರೋಗವಿದ್ದರೂ ಇಲ್ಲವೆಂಬ ಉತ್ತರವು ಬರಬಹುದು. ಆ ಸುಳ್ಳನ್ನು ಹೇಳಿದವರು ಯಾರೂ ಅಲ್ಲ. ದಾರಿಯಲ್ಲಿ ಕಳೆದ ಗಂಟೆಗಳು.

ನಗರದ ಗೃಹಸ್ಥರಿಗೂ ಇದು ಪರಕೀಯವಾದ ವಿಷಯವಲ್ಲ. ಮಧುಮೇಹಿಯ ರಕ್ತವನ್ನು ತೆಗೆದು ಹಾಗೆಯೇ ಇಟ್ಟರೆ, ಅದರ ಕೋಶಗಳು ಸಕ್ಕರೆಯನ್ನು ತಿನ್ನುತ್ತಲೇ ಇರುವುದರಿಂದ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆಯು ಕಡಿಮೆಯಾಗುವುದು. ಅದನ್ನು ತಡೆಯಲೆಂದೇ ಸೀಸೆಯಲ್ಲಿ ಸೋಡಿಯಮ್ ಫ್ಲೋರೈಡನ್ನು ಹಾಕಿರುತ್ತಾರೆ. ತದ್ವಿಪರೀತವಾಗಿ ಪೊಟ್ಯಾಸಿಯಮ್ ಕೋಶಗಳಿಂದ ಸೋರಿ ಹೆಚ್ಚಾಗಿ ಕಾಣುವುದು. ರೋಗಿಯ ದೇಹದಲ್ಲಿಲ್ಲದ ರೋಗವು ಸೀಸೆಯಲ್ಲಿ ಹುಟ್ಟುವುದು. ದೇಹದಲ್ಲಿರುವುದು ಸೀಸೆಯಲ್ಲಿ ಮಾಯವಾಗುವುದು.

ಚರಿತ್ರೆಯನ್ನು ಬರೆಯುವವರಿಗೆ ಈ ಅನುಭವವು ಹೊಸದಲ್ಲ. ಹೊಲದಲ್ಲಿದ್ದ ಶಾಸನಶಿಲೆಯನ್ನು ಕಿತ್ತು ತಂದವನು, ಅದು ಯಾವ ಊರಿನ ಯಾವ ಕಡೆಯಲ್ಲಿ ಯಾವಾಗ ದೊರೆಯಿತೆಂಬುದನ್ನು ಬರೆದಿಡದಿದ್ದರೆ ಅರ್ಧ ಶಾಸನವನ್ನು ಅಳಿಸಿದಂತೆಯೇ ಆಗುವುದು. ಅಕ್ಷರಗಳು ಉಳಿದರೂ ಸಾಕ್ಷ್ಯವು ಕೆಡುವುದು. ನೆಲೆಯಿಂದ ಬೇರ್ಪಟ್ಟ ಯಾವುದೂ ಮೊದಲಿನಂತೆ ಇರುವುದಿಲ್ಲ. ಬೇರ್ಪಟ್ಟ ಹೊತ್ತನ್ನೂ ಅಲ್ಲಿಂದ ಮುಂದಿನ ಸ್ಥಿತಿಯನ್ನೂ ಬರೆದಿಟ್ಟರೆ ಮಾತ್ರ ಅದರ ಮಾತನ್ನು ನಂಬಬಹುದು. ಬೆರ್ನಾರನು ಮರುದಿನದ ಅಳತೆಯನ್ನು ಎಸೆಯಲಿಲ್ಲ. ಮ್ಯಾನ್ಸನ್ನನು ಹತ್ತಿಪ್ಪತ್ತು ನಿಮಿಷಗಳನ್ನು ಮರೆಯಲಿಲ್ಲ. ದ ದ್ಯೂವನು ಐದು ದಿನಗಳನ್ನು ಲೆಕ್ಕದಲ್ಲಿಟ್ಟನು. ಸೂಪೆಯ ಹಳೆಯ ಪಟ್ಟಣವು ಈಗ ಕಾಳಿಯ ನೀರಿನ ಕೆಳಗಿದೆ. ಕಾಡುಗಳೂ ಕಾಡಿನ ಜನರೂ ದಡದ ಮೇಲೆ ಇದ್ದಾರೆ. ಅವರ ಜ್ವರಗಳನ್ನು ಅರಿಯಲು ತೆಗೆದ ಪ್ರತಿಯೊಂದು ಸೀಸೆಯ ಮೇಲೆ ಹೆಸರಿನ ಜೊತೆಗೆ ದಿನವನ್ನೂ ಗಂಟೆಯನ್ನೂ ಬರೆಯುವ ಆರೋಗ್ಯಕಾರ್ಯಕರ್ತೆಯು ಒಂದು ಸಾಲಿನ ಚರಿತ್ರೆಯನ್ನೇ ಬರೆಯುತ್ತಾಳೆ. ಒಬ್ಬನ ಪ್ರಾಣವು ಆ ಸಾಲಿನ ಮೇಲೆ ನಿಂತಿರುವುದೂ ಉಂಟು.